ಹಳದಿ ಡಬ್ಬಿಯ ಬುತ್ತಿ: ದಕ್ಷಿಣ ಕೊರಿಯಾದ ಶಾಲಾ ಊಟದ ನೆನಪು

ದಕ್ಷಿಣ ಕೊರಿಯಾದ ಮಾಂಸದ ಹೋಟೆಲುಗಳಲ್ಲಿ, ಪೇಟೆಯ ಸಣ್ಣ ತಿಂಡಿಯಂಗಡಿಗಳಲ್ಲಿ, ಹಳೆಯ ಬೀದಿಗಳನ್ನು ಮತ್ತೆ ಕಟ್ಟಿ ತೋರಿಸುವ ಪ್ರವಾಸಿ ತಾಣಗಳಲ್ಲಿ ‘ಯೆನ್ನಲ್ ದೊಶಿರಾಕ್’, ಅಂದರೆ ಹಳೆಯ ಕಾಲದ ಬುತ್ತಿ, ಎಂಬ ಹೆಸರಿನ ಊಟವೊಂದು ಸಿಗುತ್ತದೆ. ಆಳವಿಲ್ಲದ, ಆಯತಾಕಾರದ, ಹೊಂಬಣ್ಣದ ಲೋಹದ ಡಬ್ಬಿಯಲ್ಲಿ ಬಿಸಿ ಅನ್ನ ತುಂಬಿ, ಅದರ ಮೇಲೆ ಎಣ್ಣೆಯಲ್ಲಿ ಬಾಡಿಸಿದ ಕಿಮ್ಚಿ (ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಬೆರೆಸಿ ಹುಳಿಬರಿಸಿದ ಎಲೆಕೋಸು), ಮೊಟ್ಟೆಯಲ್ಲಿ ಅದ್ದಿ ಕರಿದ ಗುಲಾಬಿ ಬಣ್ಣದ ಸಾಸೇಜಿನ ಬಿಲ್ಲೆಗಳು, ಸಿಹಿಯಾದ ಸೋಯಾ ರಸದಲ್ಲಿ ಹುರಿದ ಪುಟ್ಟ ಒಣಮೀನು, ಸುಟ್ಟು ಪುಡಿಮಾಡಿದ ಕಡಲಪಾಚಿ ಇವನ್ನೆಲ್ಲ ಜೋಡಿಸಿ, ಕೊನೆಯಲ್ಲಿ ಒಂದು ಬುಲ್ಸ್‌ಐ ಮೊಟ್ಟೆಯನ್ನು ಹೊದಿಸಿ ಕೊಡುತ್ತಾರೆ. ತಿನ್ನುವವರು ಮುಚ್ಚಳವನ್ನು ಭದ್ರವಾಗಿ ಹಾಕಿ, ಡಬ್ಬಿಯನ್ನು ಎರಡೂ ಕೈಗಳಲ್ಲಿ ಹಿಡಿದು ಜೋರಾಗಿ ಕುಲುಕುತ್ತಾರೆ. ಮುಚ್ಚಳ ತೆಗೆದಾಗ ಒಳಗಿನದೆಲ್ಲ ಬೆರೆತು ಕೆಂಪಗಿನ ಕಲಸನ್ನವಾಗಿರುತ್ತದೆ.

ಈ ಊಟಕ್ಕೆ ‘ನೆನಪಿನ ಬುತ್ತಿ’ ಎಂಬ ಅರ್ಥ ಬರುವ ಇನ್ನೊಂದು ಹೆಸರೂ ಇದೆ. ಆದರೆ 1960 ಮತ್ತು 70ರ ದಶಕಗಳಲ್ಲಿ ಇಂಥದೇ ಡಬ್ಬಿಯನ್ನು ಶಾಲೆಗೆ ಒಯ್ದ ಬಹುಪಾಲು ಮಕ್ಕಳು ಮೊಟ್ಟೆ, ಸಾಸೇಜು, ಅಚ್ಚ ಬಿಳಿ ಅನ್ನ ಈ ಮೂರನ್ನೂ ಒಂದೇ ದಿನ ತಮ್ಮ ಬುತ್ತಿಯಲ್ಲಿ ಕಂಡದ್ದು ತೀರ ಕಡಿಮೆ. ಅವರ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಬಾರ್ಲಿ ಬೆರೆತ ಅನ್ನ, ಒಂದಿಷ್ಟು ಕಿಮ್ಚಿ, ಇಲ್ಲವೇ ಮೂಲಂಗಿಯ ಉಪ್ಪಿನಕಾಯಿ ಅಥವಾ ಸೋಯಾ ರಸದಲ್ಲಿ ಬೇಯಿಸಿದ ಕರಿ ಅವರೆಯಂಥ ಕಾಳು. ಹೋಟೆಲಿನ ಡಬ್ಬಿಯಲ್ಲಿ ಇಂದು ಕಾಣುವುದು ಆ ಕಾಲದ ಮಕ್ಕಳ ಆಸೆಗಳ ಪಟ್ಟಿ. ಆದ್ದರಿಂದ ಈ ಡಬ್ಬಿಯನ್ನು ತಿನಿಸಿನ ಚರಿತ್ರೆಯ ಒಂದು ತುಣುಕೆಂದು ನೋಡುವುದರ ಜೊತೆಗೆ, ಬಡತನದಿಂದ ಮೇಲೆದ್ದ ಸಮಾಜವೊಂದು ತನ್ನ ಹಿಂದಿನ ದಿನಗಳನ್ನು ಹೇಗೆ ಆರಿಸಿಕೊಂಡು ನೆನೆಯುತ್ತದೆ ಎಂಬುದಕ್ಕೆ ಸಾಕ್ಷಿಯೆಂದೂ ನೋಡಬೇಕಾಗುತ್ತದೆ.

ಹಿತ್ತಾಳೆ ಹೋಗಿ ಅಲ್ಯೂಮಿನಿಯಂ ಬಂದದ್ದು

‘ದೊಶಿರಾಕ್’ ಎಂದರೆ ಕೊರಿಯನ್ ಭಾಷೆಯಲ್ಲಿ ಬುತ್ತಿಯೂ ಹೌದು, ಬುತ್ತಿ ಕಟ್ಟುವ ಪೆಟ್ಟಿಗೆಯೂ ಹೌದು. ಹೊಲಕ್ಕೆ, ಕಾಡಿಗೆ, ದೂರದ ಪ್ರಯಾಣಕ್ಕೆ ಹೊರಟವರು ಅನ್ನವನ್ನು ಬಿದಿರಿನ ಸೀಳುಗಳಿಂದಲೋ ವಿಲೋ ಮರದ ಕಡ್ಡಿಗಳಿಂದಲೋ ಹೆಣೆದ ಮುಚ್ಚಳವುಳ್ಳ ಪುಟ್ಟ ಬುಟ್ಟಿಗಳಲ್ಲಿ ಒಯ್ಯುತ್ತಿದ್ದರು. ಗಾಳಿಯಾಡುವ ಹೆಣಿಗೆಯಾದ್ದರಿಂದ ಬೇಸಿಗೆಯಲ್ಲೂ ಅನ್ನ ಬೇಗ ಹಳಸುತ್ತಿರಲಿಲ್ಲ. ಉಳ್ಳವರ ಮನೆಗಳಲ್ಲಿ ವನಭೋಜನಕ್ಕೆ, ಬೀಗರ ಮನೆಗೆ ತಿನಿಸು ಕಳಿಸುವುದಕ್ಕೆ ‘ಛನ್‌ಹಾಪ್’ ಎಂಬ, ಒಂದರ ಮೇಲೊಂದು ಕೂರುವ ಮೆರುಗೆಣ್ಣೆ ಹಚ್ಚಿದ ಮರದ ಪೆಟ್ಟಿಗೆಗಳು ಬಳಕೆಯಲ್ಲಿದ್ದವು. ಲೋಹದ ಡಬ್ಬಿ ಬಂದದ್ದು 1910ರಿಂದ 1945ರವರೆಗಿನ ಜಪಾನಿ ಆಳ್ವಿಕೆಯ ಕಾಲದಲ್ಲಿ. ಗಂಟೆ ಹೊಡೆದು ನಡೆಸುವ ಶಾಲೆ, ಕಾರ್ಖಾನೆ, ಕಚೇರಿ, ರೈಲು ಇವೆಲ್ಲ ಮಧ್ಯಾಹ್ನದ ಊಟವನ್ನು ಮನೆಯಿಂದ ಹೊರಗೆ ಕೊಂಡೊಯ್ದಾಗ, ಜಪಾನಿನಲ್ಲಿ ಆಗಲೇ ಹರಡಿದ್ದ ಅಲ್ಯೂಮಿನಿಯಂ ಬುತ್ತಿಡಬ್ಬಿ ಕೊರಿಯಾದಲ್ಲೂ ನೆಲೆಯೂರಿತು.

ಕೊರಿಯನ್ನರ ಮೆಚ್ಚಿನ ಪಾತ್ರೆಯ ಲೋಹ ಅದಕ್ಕೂ ಮೊದಲು ‘ಯುಗಿ’ ಎಂಬ ಕಂಚು-ಹಿತ್ತಾಳೆಯಾಗಿತ್ತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜಪಾನಿ ಸರ್ಕಾರ ಆಯುಧ ತಯಾರಿಕೆಗಾಗಿ ಮನೆಮನೆಯ ಲೋಹದ ಪಾತ್ರೆಗಳನ್ನು ವಶಪಡಿಸಿಕೊಂಡಾಗ, ಪೂಜೆಯ ತಟ್ಟೆಗಳಿಂದ ಹಿಡಿದು ಉಣ್ಣುವ ಬಟ್ಟಲುಗಳವರೆಗೆ ಬಹಳಷ್ಟು ಯುಗಿ ಕರಗಿಹೋಯಿತು. 1950-53ರ ಕೊರಿಯಾ ಯುದ್ಧದ ನಂತರ ಅದು ಮತ್ತೆ ತಲೆಯೆತ್ತಲು ಹೊರಟಿತಾದರೂ, ಆ ಹೊತ್ತಿಗೆ ಪಟ್ಟಣದ ಮನೆಗಳು ಸೌದೆಯನ್ನು ಬಿಟ್ಟು ‘ಯೊನ್‌ತಾನ್’ ಎಂಬ, ಕಲ್ಲಿದ್ದಲ ಪುಡಿಯನ್ನು ಅಚ್ಚೊತ್ತಿ ಮಾಡಿದ ತೂತುಗಳುಳ್ಳ ಇಟ್ಟಿಗೆಯಂಥ ಉರುವಲಿಗೆ ಒಗ್ಗಿಕೊಂಡಿದ್ದವು. ಅದರ ಹೊಗೆಗೆ ಹಿತ್ತಾಳೆ ದಿನಬೆಳಗಾದರೆ ಕಪ್ಪಿಡುತ್ತಿದ್ದುದರಿಂದ ಗೃಹಿಣಿಯರು ಉಜ್ಜಿ ಉಜ್ಜಿ ಬೇಸತ್ತು ಅದನ್ನು ಕೈಬಿಟ್ಟರು. ತೆರವಾದ ಜಾಗಕ್ಕೆ ಬಂದವು ಅಲ್ಯೂಮಿನಿಯಂ, ಅದರ ಹಿಂದೆಯೇ ಸ್ಟೇನ್‌ಲೆಸ್ ಸ್ಟೀಲು.

ಹಳದಿ ಡಬ್ಬಿಯನ್ನು ಕೊರಿಯನ್ನರು ‘ಯಾಂಗುನ್ ದೊಶಿರಾಕ್’ ಎನ್ನುತ್ತಾರೆ. ಯಾಂಗುನ್ ಎಂದು ಮನೆಮಾತಿನಲ್ಲಿ ಕರೆಯುವುದು ಹೊಂಬಣ್ಣದ ಲೇಪವುಳ್ಳ ಅಲ್ಯೂಮಿನಿಯಂ ಅನ್ನು. ರಾಮ್ಯನ್ ಶಾವಿಗೆ ಕುದಿಸುವ ಅಗ್ಗದ ಹಳದಿ ಪಾತ್ರೆಯೂ ಇದೇ ಲೋಹದ್ದು. ಅಲ್ಯೂಮಿನಿಯಂ ತಗಡನ್ನು ಆಮ್ಲದ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಅದರ ಮೇಲ್ಮೈಯಲ್ಲಿ ಸಹಜವಾಗಿ ಇರುವ ತೆಳುವಾದ ಆಕ್ಸೈಡ್ ಪದರ ದಪ್ಪಗಾಗಿ ಗಟ್ಟಿಯಾಗುತ್ತದೆ. ಜಪಾನಿನಲ್ಲಿ 1920ರ ದಶಕದಲ್ಲಿ ಬೆಳೆದ ವಿಧಾನದಲ್ಲಿ ಇದಕ್ಕೆ ಆಕ್ಸಾಲಿಕ್ ಆಮ್ಲವನ್ನು ಬಳಸುತ್ತಿದ್ದರು, ಆ ಆಮ್ಲದಲ್ಲಿ ಮೂಡುವ ಪದರಕ್ಕೆ ತಾನಾಗಿಯೇ ಹಳದಿ ಛಾಯೆ ಬರುತ್ತದೆ. ಹೀಗೆ ತಯಾರಾದ ಡಬ್ಬಿ ಅಗ್ಗವಾಗಿತ್ತು, ಮಗುವಿನ ಕೈಗೂ ಭಾರವೆನಿಸುತ್ತಿರಲಿಲ್ಲ, ಬೆಂಕಿಯ ಮೇಲಿಟ್ಟರೆ ಕ್ಷಣದಲ್ಲಿ ಬಿಸಿಯೇರುತ್ತಿತ್ತು.

ಅದರ ಶತ್ರು ಕಿಮ್ಚಿ. ಹುಳಿ ಮತ್ತು ಉಪ್ಪು ಎರಡೂ ಅಲ್ಯೂಮಿನಿಯಂ ಅನ್ನು ಕೊರೆಯುತ್ತವೆ. ಚಮಚದ ಗೀರಿನಿಂದ ಹಳದಿ ಪದರ ಎದ್ದುಹೋದ ಕಡೆ ಮೊದಲು ಬೂದು ಕಲೆ, ನಂತರ ಸೂಜಿಮೊನೆಯಷ್ಟು ತೂತು ಕಾಣಿಸಿಕೊಳ್ಳುತ್ತಿತ್ತು. ಮುಚ್ಚಳಕ್ಕೆ ರಬ್ಬರಿನ ಪಟ್ಟಿ ಇಲ್ಲದ ಕಾರಣ ಕಿಮ್ಚಿಯ ಕೆಂಪು ರಸ ಸಂದಿಯಿಂದ ಜಿನುಗಿ, ಡಬ್ಬಿಯನ್ನು ಪುಸ್ತಕಗಳ ಜೊತೆಗೇ ಬಟ್ಟೆಯಲ್ಲಿ ಗಂಟುಕಟ್ಟಿ ಬೆನ್ನಿಗೋ ಸೊಂಟಕ್ಕೋ ಬಿಗಿದುಕೊಂಡು ಓಡುತ್ತಿದ್ದ ಹಳ್ಳಿಯ ಮಕ್ಕಳ ಪಠ್ಯಪುಸ್ತಕಗಳ ಅಂಚನ್ನು ನೆನೆಸುತ್ತಿತ್ತು. ಅದನ್ನು ತಪ್ಪಿಸಲು ಮನೆಯವರು ಖಾಲಿಯಾದ ಕಾಫಿ ಪುಡಿಯ ಗಾಜಿನ ಭರಣಿಯಲ್ಲಿ ಕಿಮ್ಚಿಯನ್ನು ಬೇರೆಯಾಗಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮೇಲೆ ಮುಚ್ಚಳ ತಿರುಗಿಸಿ ಕಳಿಸುವ ಉಪಾಯ ಕಂಡುಕೊಂಡರು. ಆದರೂ ಹುಳಿಯುತ್ತಲೇ ಇರುವ ಪದಾರ್ಥವಾದ್ದರಿಂದ ಒಳಗೆ ಅನಿಲ ತುಂಬಿ ಭರಣಿಯೂ ಆಗಾಗ ಸೋರುತ್ತಿತ್ತು. ಸಂಜೆ ಮನೆಗೆ ಓಡುವ ಮಕ್ಕಳ ಬೆನ್ನ ಮೇಲಿನ ಖಾಲಿ ಡಬ್ಬಿಯಲ್ಲಿ ಚಮಚ, ಉಣ್ಣುವ ಕಡ್ಡಿಗಳು ಕುಣಿದು ಮಾಡುತ್ತಿದ್ದ ಗಲಗಲ ಸದ್ದು ಆ ತಲೆಮಾರಿನವರ ಸಾಮಾನ್ಯ ನೆನಪು.

ಒಲೆಯ ಸುತ್ತ

ಚಳಿಗಾಲದಲ್ಲಿ ಸಿಯೋಲ್‌ನ ಉಷ್ಣತೆ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಬೆಳಿಗ್ಗೆ ಕಟ್ಟಿದ ಅನ್ನ ಮಧ್ಯಾಹ್ನದ ಹೊತ್ತಿಗೆ ಕಲ್ಲಿನಂತಾಗುತ್ತಿತ್ತು. ತರಗತಿಯ ನಡುವೆ ಹೊಗೆಕೊಳವೆಯುಳ್ಳ ಎರಕದ ಕಬ್ಬಿಣದ ಒಲೆಯೊಂದನ್ನು ನಿಲ್ಲಿಸಿ, ಕಪ್ಪೆಚಿಪ್ಪಿನ ಆಕಾರಕ್ಕೆ ಅಚ್ಚೊತ್ತಿದ ಕಲ್ಲಿದ್ದಲನ್ನೋ ಸೌದೆಯನ್ನೋ ಉರಿಸುತ್ತಿದ್ದರು. ಹಳ್ಳಿಯ ಶಾಲೆಗಳಲ್ಲಿ ಮಕ್ಕಳನ್ನೇ ಗುಡ್ಡಕ್ಕೆ ಕಳಿಸಿ ಪೈನ್ ಮರದ ಕಾಯಿಗಳನ್ನು ಆರಿಸಿ ತರಿಸುವ ರೂಢಿಯಿತ್ತು. ಬೆಳಗಿನ ಒಂದೆರಡು ಪಾಠಗಳು ಮುಗಿಯುತ್ತಿದ್ದಂತೆ ಡಬ್ಬಿಗಳು ಒಲೆಯ ಮೇಲೆ ಗೋಪುರದಂತೆ ಏರುತ್ತಿದ್ದವು. ತಳದ ಡಬ್ಬಿ ಸೀದು, ಮೇಲಿನದು ತಣ್ಣಗೆ ಉಳಿಯುತ್ತಿದ್ದುದರಿಂದ, ಸರದಿಯ ವಿದ್ಯಾರ್ಥಿ ದಪ್ಪ ಕೈಗವಸು ತೊಟ್ಟು ಪಾಠದ ನಡುವೆಯೇ ಎದ್ದುಬಂದು ಕೆಳಗಿನದನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ಬದಲಿಸುತ್ತಿದ್ದ. ಅನ್ನದ ತಳದಲ್ಲಿ ಕಿಮ್ಚಿ ಹಾಸಿ ಒಂದೆರಡು ಹನಿ ಎಳ್ಳೆಣ್ಣೆ ಬಿಟ್ಟು ತಂದವರ ಡಬ್ಬಿಯಲ್ಲಿ ಅದು ಅಲ್ಲೇ ಹುರಿದು, ಅದರ ಘಮ ತರಗತಿಯನ್ನೆಲ್ಲ ಆವರಿಸಿದ ಮೇಲೆ ಗಣಿತಕ್ಕೆ ಕಿವಿಗೊಡುವವರು ಕಡಿಮೆಯಾಗುತ್ತಿದ್ದರು. ತಳ ಹಿಡಿದ ಅನ್ನವೂ ವ್ಯರ್ಥವಾಗುತ್ತಿರಲಿಲ್ಲ. ‘ನುರುಂಗ್ಜಿ’ ಎಂದು ಕರೆಯುವ ಆ ಗರಿಗರಿ ಪದರವನ್ನು ಕೊರಿಯನ್ನರು ಮನೆಯಲ್ಲೂ ಇಷ್ಟಪಟ್ಟು ಕೆರೆದು ತಿನ್ನುತ್ತಾರೆ, ಬಿಸಿನೀರು ಹೊಯ್ದು ಗಂಜಿಯಂತೆ ಕುಡಿಯುತ್ತಾರೆ.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಯುದ್ಧಾನಂತರ ಜನಸಂಖ್ಯೆ ಏರಿ, ಸಿಯೋಲ್‌ಗೆ ವಲಸೆ ಬಂದವರ ಮಕ್ಕಳಿಂದ ಶಾಲೆಗಳು ಕಿಕ್ಕಿರಿದು, ಒಂದು ತರಗತಿಯಲ್ಲಿ 60ರಿಂದ 70 ಮಕ್ಕಳು ಕೂರುತ್ತಿದ್ದರು. ಅದು ಸಾಲದೆ ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಒಂದು ತಂಡ ಎಂದು ಪಾಳಿಯಲ್ಲಿ ಪಾಠ ನಡೆಸುವ ಶಾಲೆಗಳೂ ಇದ್ದವು. ಅಷ್ಟು ಡಬ್ಬಿಗಳಿಗೆ ಒಂದು ಒಲೆಯ ಮೇಲೆ ಎಡೆಯಿಲ್ಲ. ಯಾರ ಡಬ್ಬಿ ಒಲೆಗೆ ಏರಬೇಕು, ಎಷ್ಟನೆಯ ಅಂತಸ್ತಿನಲ್ಲಿರಬೇಕು ಎಂಬುದು ಬೆಳಿಗ್ಗೆ ಬೇಗ ಬಂದವರ, ಗಟ್ಟಿಗರ, ಮೇಷ್ಟರ ಕಣ್ಣಿಗೆ ಬಿದ್ದವರ ಪಾಲಿನ ಮಾತಾಗಿತ್ತು.

ಡಬ್ಬಿಯೊಳಗೆ ಸರ್ಕಾರ

ಬುತ್ತಿಯ ಮುಚ್ಚಳವನ್ನು ಮಕ್ಕಳು ತಿನ್ನುವುದಕ್ಕೆ ಮೊದಲೇ ಒಮ್ಮೆ ತೆರೆಯಬೇಕಾಗಿದ್ದ ಕಾಲವೊಂದಿತ್ತು. ಯುದ್ಧದಿಂದ ಜರ್ಜರಿತವಾಗಿದ್ದ ದೇಶದಲ್ಲಿ ಅಕ್ಕಿ ಸಾಲದಾಗಿತ್ತು. ಹಿಂದಿನ ಸುಗ್ಗಿಯ ಅಕ್ಕಿ ಮುಗಿದು, ಬಾರ್ಲಿಯ ಕೊಯಿಲು ಇನ್ನೂ ಬಾರದ ವಸಂತದ ವಾರಗಳ ಹಸಿವಿಗೆ ‘ಬಾರ್ಲಿಯ ಏರುದಾರಿ’ ಎಂಬ ಅರ್ಥದ ಹೆಸರೇ ಇತ್ತು. 1961ರ ಸೈನಿಕ ಕ್ರಾಂತಿಯಿಂದ ಅಧಿಕಾರ ಹಿಡಿದು 1963ರಿಂದ 1979ರವರೆಗೆ ಅಧ್ಯಕ್ಷರಾಗಿದ್ದ ಪಾರ್ಕ್ ಚುಂಗ್ ಹೀ ಅವರ ಸರ್ಕಾರ, ಅಕ್ಕಿಯ ಬಳಕೆಯನ್ನು ತಗ್ಗಿಸಲು ‘ಹೊನ್‌ಬುನ್‌ಶಿಕ್’ ಎಂಬ ಚಳವಳಿಯನ್ನು ನಡೆಸಿತು: ಅನ್ನಕ್ಕೆ ಬಾರ್ಲಿಯಂಥ ಧಾನ್ಯ ಬೆರೆಸಿ ಉಣ್ಣಬೇಕು, ಗೋಧಿ ಹಿಟ್ಟಿನ ತಿನಿಸನ್ನು ಹೆಚ್ಚಿಸಬೇಕು ಎಂಬುದು ಅದರ ಸಾರ. ಆ ಗೋಧಿಯ ಬಹುಭಾಗ ಅಮೆರಿಕದ ಹೆಚ್ಚುವರಿ ದಾಸ್ತಾನಿನಿಂದ, ಭಾರತಕ್ಕೂ ಹಡಗುಗಟ್ಟಲೆ ಗೋಧಿ ತಂದ ಪಿ.ಎಲ್. 480 ಎಂಬ ಅದೇ ಕಾನೂನಿನಡಿ ಬಂದದ್ದು. ಅಕ್ಕಿಯಿಂದ ಮದ್ಯ ತಯಾರಿಸುವುದನ್ನು ನಿಷೇಧಿಸಲಾಯಿತು. 1969ರಲ್ಲಿ ಬುಧವಾರ ಮತ್ತು ಶನಿವಾರಗಳನ್ನು ಹೋಟೆಲುಗಳಲ್ಲಿ ಅಕ್ಕಿಯಿಲ್ಲದ ದಿನಗಳೆಂದು ಸಾರಲಾಯಿತು. 1976ರಲ್ಲಿ ಸಿಯೋಲ್ ನಗರಾಡಳಿತವು ಹೋಟೆಲುಗಳಲ್ಲಿ ಅನ್ನ ಬಡಿಸುವ ಸ್ಟೀಲ್ ಬಟ್ಟಲು 10.5 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರ ಇರಬೇಕೆಂದು ಅಳತೆಯನ್ನೇ ಗೊತ್ತುಮಾಡಿತು.

ಶಾಲೆಯಲ್ಲಿ ಈ ನೀತಿ ಬುತ್ತಿ ತಪಾಸಣೆಯ ರೂಪ ತಾಳಿತು. ಊಟದ ಗಂಟೆ ಹೊಡೆದ ಮೇಲೆ ಮಕ್ಕಳು ಡಬ್ಬಿ ತೆರೆದು ಮೇಜಿನ ಮೇಲಿಟ್ಟು ಕೂರಬೇಕು, ಮೇಷ್ಟರು ಸಾಲುಗಳ ನಡುವೆ ನಡೆಯುತ್ತ ಅನ್ನದಲ್ಲಿ ಬಾರ್ಲಿ ಸಾಕಷ್ಟು ಬೆರೆತಿದೆಯೇ ಎಂದು ನೋಡಬೇಕು. ಬಿಳಿ ಅನ್ನ ತಂದವರಿಗೆ ಬೈಗುಳ, ಕೆಲವೊಮ್ಮೆ ಏಟು. ಬಾರ್ಲಿಯ ನಡುವಿನ ಕಂದು ಗೆರೆ ದೂರದಿಂದಲೇ ಕಾಣುವಂಥದ್ದಾದ್ದರಿಂದ ಮೋಸವೂ ಸುಲಭವಾಗಿತ್ತು: ತಳದಲ್ಲಿ ಬಿಳಿ ಅನ್ನ ತುಂಬಿ ಮೇಲಷ್ಟೇ ಬಾರ್ಲಿಯನ್ನು ಹರಡಿ ಕಳಿಸುವ ತಾಯಂದಿರಿದ್ದರು, ಮೇಷ್ಟರು ತಮ್ಮ ಸಾಲಿಗೆ ಬರುವಷ್ಟರಲ್ಲಿ ಪಕ್ಕದವನ ಡಬ್ಬಿಯಿಂದ ನಾಲ್ಕು ಕಾಳು ಹೆಕ್ಕಿ ತಮ್ಮ ಅನ್ನದ ಮೇಲೆ ನೆಡುವ ಮಕ್ಕಳಿದ್ದರು. ಬೇರೆ ಗತಿಯಿಲ್ಲದೆ ಬಾರ್ಲಿ ಉಣ್ಣುತ್ತಿದ್ದ ಬಡ ಮಗು ತಪಾಸಣೆಯ ಆ ಹೊತ್ತಿನಲ್ಲಿ ತರಗತಿಯ ಆದರ್ಶ ವಿದ್ಯಾರ್ಥಿ. ಅದರ ಕಾಳಿಗೆ ಉಳ್ಳವರ ಮಗು ಕೈಚಾಚಬೇಕಾಗಿತ್ತು.

ಈ ಒತ್ತಡ ಸಡಿಲಗೊಂಡದ್ದು ಗದ್ದೆಯಲ್ಲಾದ ಬದಲಾವಣೆಯಿಂದ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೊರಿಯಾದ ವಿಜ್ಞಾನಿ ಹೊ ಮುನ್ ಹೊಯ್ ಅವರು ಇಂಡಿಕಾ ಮತ್ತು ಜಪೋನಿಕಾ ಜಾತಿಗಳನ್ನು ಬೆರೆಸಿ ರೂಪಿಸಿದ ‘ತೊಂಗಿಲ್’ ಎಂಬ ಭತ್ತದ ತಳಿ 1972ರಿಂದ ವ್ಯಾಪಕವಾಗಿ ಹರಡಿತು. ಅಂಟಂಟಾದ ಅನ್ನಕ್ಕೆ ಒಗ್ಗಿದ ನಾಲಿಗೆಗೆ ಅದರ ಉದುರುದುರಾದ ಅನ್ನ ರುಚಿಸಲಿಲ್ಲ, ಆದರೆ ಇಳುವರಿ ದೊಡ್ಡದಾಗಿತ್ತು. 1977ರಲ್ಲಿ ಅಕ್ಕಿಯ ಸ್ವಾವಲಂಬನೆ ಸಾಧಿಸಿದುದಾಗಿ ಸಾರಲಾಯಿತು, ಅಕ್ಕಿ ಮದ್ಯದ ನಿಷೇಧ ತೆರವಾಯಿತು, ಬುತ್ತಿ ತಪಾಸಣೆ ಬರಬರುತ್ತ ಮರೆಯಾಯಿತು.

ಅನ್ನದ ಕೆಳಗಿನ ಮೊಟ್ಟೆ

ಡಬ್ಬಿ ಎಲ್ಲರದೂ ಒಂದೇ ಬಗೆಯದಾಗಿದ್ದರೂ ಒಳಗಿನದು ಒಂದೇ ಆಗಿರಲಿಲ್ಲ. ಮೊಟ್ಟೆ ಶ್ರೀಮಂತಿಕೆಯ ಗುರುತಾಗಿತ್ತು. ಅನ್ನದ ಮೇಲೆ ಕಂಡರೆ ಗೆಳೆಯರ ಕಡ್ಡಿಗಳು ಒಮ್ಮೆಲೇ ಮುಗಿಬೀಳುತ್ತವೆಂದು ತಾಯಂದಿರು ಅದನ್ನು ಅನ್ನದ ಕೆಳಗೆ, ಡಬ್ಬಿಯ ತಳದಲ್ಲಿ ಅಡಗಿಸಿಡುತ್ತಿದ್ದ ಪ್ರಸಂಗಗಳು ಕೊರಿಯಾದ ಮನೆಮಾತು. ಗುಲಾಬಿ ಸಾಸೇಜಿನಲ್ಲಿ ಮೀನಿನ ಮಾಂಸ ಮತ್ತು ಪಿಷ್ಟವೇ ಹೆಚ್ಚು, ಹಂದಿಮಾಂಸ ಹೆಸರಿಗಷ್ಟೇ. ಆದರೂ ಮಾಂಸವೆಂದರೆ ಹಬ್ಬಕ್ಕೆ ಮಾತ್ರ ಎಂಬಂತಿದ್ದ ಕಾಲದಲ್ಲಿ ಅದರ ನಾಲ್ಕು ಬಿಲ್ಲೆಗಳು ಡಬ್ಬಿಯ ಒಡೆಯನನ್ನು ದಿನದ ಮಟ್ಟಿಗೆ ದೊಡ್ಡ ಮನುಷ್ಯನನ್ನಾಗಿ ಮಾಡುತ್ತಿದ್ದವು. ಮೇಜುಗಳನ್ನು ಕೂಡಿಸಿ ಪಲ್ಯಗಳನ್ನು ನಡುವಿಟ್ಟು ಹಂಚಿಕೊಂಡು ಉಣ್ಣುವುದು ವಾಡಿಕೆಯಾಗಿತ್ತು, ಮತ್ತು ಹಳಬರು ಸಂತೋಷದಿಂದ ನೆನೆಯುವುದು ಇದನ್ನೇ. ಆದರೆ ಬರಿಯ ಮೂಲಂಗಿ ತಂದವರು ಮುಚ್ಚಳವನ್ನು ಅರ್ಧ ತೆರೆದು, ತೋಳಿನಿಂದ ಮರೆಮಾಡಿ ಉಣ್ಣುತ್ತಿದ್ದರು. ಡಬ್ಬಿಯನ್ನೇ ತರಲಾಗದ ಮಕ್ಕಳು ಗಂಟೆ ಹೊಡೆದೊಡನೆ ಹೊರಗೆದ್ದು ಹೋಗಿ, ಅಂಗಳದ ನಲ್ಲಿಗೆ ಬಾಯಿಟ್ಟು ಹೊಟ್ಟೆ ತುಂಬ ನೀರು ಕುಡಿದು, ಆಟದ ಬಯಲಿನಲ್ಲಿ ಸಮಯ ಕಳೆಯುತ್ತಿದ್ದರು.

1980ರ ದಶಕದಲ್ಲಿ ಬಿಸಿ ಕಾಯ್ದಿಡುವ ಉದ್ದನೆಯ ಥರ್ಮಸ್ ಬುತ್ತಿ ಬಂದು, ಅನ್ನಕ್ಕೊಂದು, ಸಾರಿಗೊಂದು, ಪಲ್ಯಕ್ಕೊಂದು ಅಂತಸ್ತು ದೊರೆತ ಮೇಲೆ ಹಳದಿ ಡಬ್ಬಿ ಹಿಂದೆ ಸರಿಯಿತು. ಬುತ್ತಿ ಕಟ್ಟುವ ದುಡಿಮೆ ಮಾತ್ರ ಇಮ್ಮಡಿಯಾಯಿತು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ಪೈಪೋಟಿಯಿಂದಾಗಿ ಪ್ರೌಢಶಾಲೆಯ ವಿದ್ಯಾರ್ಥಿಗಳು ರಾತ್ರಿಯವರೆಗೂ ಶಾಲೆಯಲ್ಲೇ ಕುಳಿತು ಓದುವ ಪದ್ಧತಿ ಬೇರೂರಿದ್ದರಿಂದ ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಹೀಗೆ ಒಬ್ಬರಿಗೇ ಎರಡು ಬುತ್ತಿ ಬೇಕಾಯಿತು; ಎರಡು ಮೂರು ಮಕ್ಕಳಿರುವ ಮನೆಯ ತಾಯಿ ನಸುಕಿನಲ್ಲೆದ್ದು ನಾಲ್ಕೈದು ಬುತ್ತಿಗಳನ್ನು ಸಾಲಾಗಿಟ್ಟು ತುಂಬುವುದು ಸಾಮಾನ್ಯ ದೃಶ್ಯವಾಯಿತು.

ಡಬ್ಬಿಯಿಂದ ತಟ್ಟೆಗೆ

ಶಾಲೆಯೇ ಊಟ ಕೊಡುವ ಪ್ರಯತ್ನ ಕೊರಿಯಾದಲ್ಲಿ ಯುದ್ಧ ಮುಗಿದ 1953ರಷ್ಟು ಹಿಂದಿನದು. ಯುನಿಸೆಫ್, ಕೇರ್ ಮೊದಲಾದ ಸಂಸ್ಥೆಗಳ ನೆರವಿನಿಂದ ಹಸಿದ ಮಕ್ಕಳಿಗೆ ಹಾಲಿನ ಪುಡಿಯನ್ನು ಕದಡಿ ಕೊಡುವುದು, ಜೋಳದ ಹಿಟ್ಟಿನ ಗಂಜಿ ಅಥವಾ ಬ್ರೆಡ್ ಹಂಚುವುದು ನಡೆದಿತ್ತು. ಇದೇ ಕೇರ್ ಸಂಸ್ಥೆಯ ಹಾಲಿನ ಪುಡಿ, ಉಪ್ಪಿಟ್ಟುಗಳನ್ನು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ತಿಂದ ಹಿರಿಯರಿಗೆ ಈ ಸಂಗತಿ ಅಪರಿಚಿತವೆನಿಸದು. 1970ರ ದಶಕದ ಆರಂಭದಲ್ಲಿ ವಿದೇಶಿ ನೆರವು ನಿಂತಿತು. 1981ರಲ್ಲಿ ಶಾಲಾ ಊಟದ ಕಾನೂನು ಜಾರಿಗೆ ಬಂದರೂ ಅಡುಗೆಮನೆಗಳು ಎದ್ದದ್ದು ನಿಧಾನವಾಗಿ. 1990ರ ದಶಕದ ಕೊನೆಯ ಹೊತ್ತಿಗೆ ಪ್ರಾಥಮಿಕ ಶಾಲೆಗಳಲ್ಲೂ, 2000ದ ದಶಕದ ಆರಂಭದ ಹೊತ್ತಿಗೆ ಉಳಿದೆಲ್ಲ ಹಂತಗಳಲ್ಲೂ ಊಟದ ವ್ಯವಸ್ಥೆ ಬಂದು, ಅನ್ನ, ಸಾರು, ಮೂರು ಪಲ್ಯಗಳಿಗೆ ಗುಳಿಗಳಿರುವ ಸ್ಟೀಲ್ ತಟ್ಟೆ ಬುತ್ತಿಡಬ್ಬಿಯ ಜಾಗವನ್ನು ಆಕ್ರಮಿಸಿತು.

ತಟ್ಟೆ ಬಂದ ಮೇಲೆ ಪ್ರಶ್ನೆ ಉಳಿದದ್ದು ಹಣದ್ದು. ಬಡ ಮಕ್ಕಳಿಗೆ ಮಾತ್ರ ಉಚಿತ ಊಟ ಕೊಟ್ಟರೆ ಅವರ ಬಡತನ ತರಗತಿಗೆಲ್ಲ ಗೊತ್ತಾಗುತ್ತದೆ, ಆದ್ದರಿಂದ ಎಲ್ಲರಿಗೂ ಉಚಿತವಾಗಿರಲಿ ಎಂಬ ವಾದಕ್ಕೂ, ಉಳ್ಳವರ ಮಕ್ಕಳಿಗೆ ತೆರಿಗೆಯ ಹಣದಲ್ಲಿ ಉಣಿಸುವುದು ಸಲ್ಲದು ಎಂಬ ವಾದಕ್ಕೂ ನಡುವೆ ಜಟಾಪಟಿ ನಡೆದು, 2011ರ ಆಗಸ್ಟ್ 24ರಂದು ಸಿಯೋಲ್‌ನಲ್ಲಿ ಜನಮತಗಣನೆಯೇ ನಡೆಯಿತು. ಎಲ್ಲರಿಗೂ ಉಚಿತ ಊಟವನ್ನು ವಿರೋಧಿಸಿದ್ದ ಮೇಯರ್ ಓ ಸೆ ಹೂನ್ ತಮ್ಮ ಹುದ್ದೆಯನ್ನೇ ಪಣಕ್ಕಿಟ್ಟರು. ಮತಗಳನ್ನು ಎಣಿಸಬೇಕಾದರೆ ಮೂರನೆಯ ಒಂದು ಭಾಗದಷ್ಟು ಮತದಾರರು ಬರಬೇಕಾಗಿತ್ತು. ಬಂದವರು ಶೇ 25.7, ಪೆಟ್ಟಿಗೆಗಳನ್ನು ತೆರೆಯಲೇ ಇಲ್ಲ, ಮೇಯರ್ ರಾಜೀನಾಮೆ ಕೊಟ್ಟರು. ಎಲ್ಲರಿಗೂ ಉಚಿತವಾಗಿರಲಿ ಎಂಬ ಹಟದ ಹಿಂದೆ ತೋಳಿನಿಂದ ಮರೆಮಾಡಿದ ಡಬ್ಬಿಯ ನೆನಪು ಕೆಲಸ ಮಾಡಿತ್ತೆಂದರೆ ತಪ್ಪಾಗದು. ಅಂದು ಮತ ಹಾಕುವ ವಯಸ್ಸಿನಲ್ಲಿದ್ದ ತಂದೆತಾಯಿಯರಲ್ಲಿ ಬಹುತೇಕರು ಬುತ್ತಿಯ ಕಾಲದಲ್ಲಿ ಬೆಳೆದವರೇ.

ಹಂಬಲದ ಮಾರುಕಟ್ಟೆ

ಶಾಲೆಗೆ ಒಯ್ಯಲೇಬೇಕೆಂಬ ಕಡ್ಡಾಯ ತಪ್ಪಿದ ಮೇಲೆ ಬುತ್ತಿ ಹಂಬಲದ ವಸ್ತುವಾಯಿತು. ಸಿಯೋಲ್‌ನ ತೊಂಗಿನ್ ಮಾರುಕಟ್ಟೆಯಲ್ಲಿ ಪ್ರವಾಸಿಗರು ಹಳೆಯ ಕಾಲದ ತೂತುನಾಣ್ಯಗಳನ್ನು ಹೋಲುವ ಬಿಲ್ಲೆಗಳನ್ನು ಕೊಂಡು, ಖಾಲಿ ಡಬ್ಬಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತ ಬೇಕಾದ ಪಲ್ಯಗಳನ್ನು ತುಂಬಿಸಿಕೊಳ್ಳಬಹುದು. 1988ರ ಸಿಯೋಲ್ ಬಡಾವಣೆಯೊಂದರ ಐದು ಕುಟುಂಬಗಳ ಕಥೆ ಹೇಳಿದ ‘ರಿಪ್ಲೈ 1988’ ಎಂಬ ದೂರದರ್ಶನ ಧಾರಾವಾಹಿ 2015-16ರಲ್ಲಿ ಅಪಾರ ಜನಪ್ರಿಯವಾಗಿ, ಆ ಕಾಲದ ವಸ್ತುಗಳಿಗೆಲ್ಲ ಬೇಡಿಕೆ ತಂದಿತು. 2021ರಲ್ಲಿ ಜಗತ್ತೆಲ್ಲ ನೋಡಿದ ‘ಸ್ಕ್ವಿಡ್ ಗೇಮ್’ ಧಾರಾವಾಹಿಯಲ್ಲಿ ಸಾಲದ ಸುಳಿಗೆ ಸಿಕ್ಕು ಪ್ರಾಣವನ್ನೇ ಪಣಕ್ಕಿಟ್ಟ ಆಟಗಾರರ ಕೈಗೆ ಬರುವ ಊಟವೂ ಇದೇ ಹಳೆಯ ಲೋಹದ ಡಬ್ಬಿಯದು, ಬಾಲ್ಯದ ಆಟಗಳನ್ನೇ ಕ್ರೌರ್ಯವಾಗಿಸಿದ ಕಥೆಗೆ ಬಾಲ್ಯದ ಬುತ್ತಿ ಸರಿಯಾಗಿಯೇ ಹೊಂದಿಕೊಂಡಿತು. ಈ ಹಂಬಲದಲ್ಲಿ ಕಪಟವೇನೂ ಇಲ್ಲ. ಗೆಳೆಯರ ಜೊತೆ ಕೂಡಿ ಉಂಡ ಸುಖ ನಿಜ, ಒಲೆಯ ಬಿಸಿಯೂ ನಿಜ. ಆದರೆ ಬಾರ್ಲಿಯ ತಪಾಸಣೆಯೂ ನಲ್ಲಿಯ ನೀರೂ ಮಾರಾಟಕ್ಕೆ ಒದಗುವಂಥವಲ್ಲವಾದ್ದರಿಂದ ಹೋಟೆಲಿನ ಡಬ್ಬಿಯಲ್ಲಿ ಅವಕ್ಕೆ ಜಾಗವಿಲ್ಲ, ಅಲ್ಲಿ ಎಲ್ಲರಿಗೂ ಒಂದೊಂದು ಮೊಟ್ಟೆ ಇದ್ದೇ ಇರುತ್ತದೆ.

ಬುತ್ತಿ ಇಂದಿಗೂ ಶಾಲೆಯ ಬಾಗಿಲಿಗೆ ಬರುವ ದಿನವೊಂದಿದೆ. ನವೆಂಬರಿನಲ್ಲಿ ನಡೆಯುವ ‘ಸುನುಂಗ್’ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಂದು ಕೇಂದ್ರಗಳಲ್ಲಿ ಊಟ ಸಿಗದ ಕಾರಣ ಪ್ರತಿ ಅಭ್ಯರ್ಥಿಯೂ ಮನೆಯಿಂದ ಬುತ್ತಿ ತರಬೇಕು; ಜಾರುವ ಗುಣದ ಕಡಲಪಾಚಿಯ ಸಾರು ಕುಡಿದರೆ ಪರೀಕ್ಷೆಯಲ್ಲೂ ಜಾರುತ್ತಾರೆಂಬ ನಂಬಿಕೆಯಿಂದ ಅದೊಂದನ್ನು ಬಿಟ್ಟು, ಹೊಟ್ಟೆಗೆ ಹಗುರಾದದ್ದನ್ನು ಹುಡುಕಿ ಕಟ್ಟುತ್ತಾರೆ. ಇನ್ನೊಂದು ಸಂದರ್ಭ ಅನಿರೀಕ್ಷಿತವಾಗಿ ಒದಗಿಬಂತು. 2019ರ ಜುಲೈಯಲ್ಲಿ ಶಾಲೆಗಳ ಅಡುಗೆಯವರೂ ಸೇರಿದಂತೆ ಕಾಯಂ ಅಲ್ಲದ ನೌಕರರು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿದಾಗ ಸಾವಿರಾರು ಶಾಲೆಗಳು ಬ್ರೆಡ್ಡು, ಹಾಲು ಕೊಟ್ಟವು, ಇಲ್ಲವೇ ಬುತ್ತಿ ಕಳಿಸಿರೆಂದು ಮನೆಗಳಿಗೆ ತಿಳಿಸಿದವು. ನಸುಕಿನಲ್ಲೆದ್ದ ತಾಯಂದಿರ ದುಡಿಮೆ ಮಾಯವಾಗಿರಲಿಲ್ಲ, ಬಹುತೇಕ ಹೆಂಗಸರೇ ಇರುವ ಶಾಲಾ ಅಡುಗೆಮನೆಗೆ ಸ್ಥಳಾಂತರಗೊಂಡಿತ್ತು ಎಂಬುದು ಆ ದಿನಗಳಲ್ಲಿ ಎದ್ದು ಕಂಡಿತು. 2021ರಲ್ಲಿ ಶಾಲಾ ಅಡುಗೆಯವರೊಬ್ಬರ ಶ್ವಾಸಕೋಶದ ಕ್ಯಾನ್ಸರನ್ನು ಕರಿಯುವ ಎಣ್ಣೆಯ ಹೊಗೆಯಿಂದ ಬಂದ ಔದ್ಯೋಗಿಕ ಕಾಯಿಲೆಯೆಂದು ಮೊದಲ ಬಾರಿಗೆ ಒಪ್ಪಿಕೊಂಡ ಮೇಲಂತೂ, ಲಕ್ಷಗಟ್ಟಲೆ ತಟ್ಟೆಗಳು ಹೊತ್ತಿಗೆ ಸರಿಯಾಗಿ ತುಂಬುವುದರ ಬೆಲೆಯನ್ನು ಯಾರು ತೆರುತ್ತಿದ್ದಾರೆಂಬುದು ಸಾರ್ವಜನಿಕ ಚರ್ಚೆಯ ವಿಷಯವಾಯಿತು. ಹಳದಿ ಡಬ್ಬಿಯನ್ನು ಪ್ರೀತಿಯಿಂದ ನೆನೆಯುವ ಸಮಾಜಕ್ಕೆ, ಅದನ್ನು ತುಂಬಿದ ಕೈಗಳಿಗೆ ಅಂದು ಸಿಗದ ಕೂಲಿಯನ್ನೂ ಸುರಕ್ಷತೆಯನ್ನೂ ಇಂದು ತಟ್ಟೆ ತುಂಬುವ ಕೈಗಳಿಗಾದರೂ ಕೊಡುವ ಹೊಣೆಯಿದೆ.